ಮಳೆಗಾಲ, ಅಜ್ಜಿಯ ಮೊಬೈಲು ಮತ್ತು ಮಗನ ಹೊಸ ಕನ್ನಡಕ: ನಿಮ್ಮ ಅನುಭವ ಹೇಳಿ

ಕೇಳಿದವರು: ಕುಮಟಾದ ಒಬ್ಬ ತಾಯಿ

ನನ್ನ ಮಗನಿಗೆ ಹತ್ತು ವರ್ಷ, ಮಗಳಿಗೆ ಆರು. ಚೌತಿಗೆಂದು ತವರಿಗೆ ಹೋಗಿದ್ದಾಗ, ಟಿವಿಯ ಕೆಳಗೆ ಓಡುವ ಅಕ್ಷರಗಳನ್ನು ಓದಲು ಮಗ ಕಣ್ಣು ಕಿರಿದು ಮಾಡುತ್ತಿದ್ದುದನ್ನು ನನ್ನ ಅಣ್ಣ ಗಮನಿಸಿದ. ಊರಿಗೆ ಬಂದವಳು ಪೇಟೆಯ ಒಂದು ಕನ್ನಡಕದ ಅಂಗಡಿಗೆ ಕರೆದೊಯ್ದೆ. ಯಂತ್ರದ ಮುಂದೆ ಕೂರಿಸಿ, ಐದು ನಿಮಿಷದಲ್ಲಿ ಎರಡೂ ಕಣ್ಣಿಗೆ ಮೈನಸ್ ಒಂದೂಕಾಲು ಎಂದು ಹೇಳಿ ಕನ್ನಡಕ ಕೊಟ್ಟರು. ಹಾಕಿಕೊಂಡರೆ ತಲೆನೋವು ಬರುತ್ತದೆ ಎನ್ನುತ್ತಾನೆ. ಜೂನ್ ತಿಂಗಳಿನಿಂದ ಈಚೆಗೆ ಅವನು ಅಂಗಳಕ್ಕೆ ಇಳಿದದ್ದೇ ಕಡಿಮೆ. ಶಾಲೆಯಿಂದ ಬಂದು ಅಜ್ಜಿಯ ಮೊಬೈಲು ಹಿಡಿದನೆಂದರೆ ರಾತ್ರಿ ಊಟದವರೆಗೂ ಬಿಡುವುದಿಲ್ಲ, ಮಗಳು ಅವನ ಹೆಗಲಿಗೆ ಒರಗಿ ಅದನ್ನೇ ನೋಡುತ್ತಾಳೆ. ಮನೆಪಾಠವೂ ವಾಟ್ಸ್‌ಆ್ಯಪ್‌ನಲ್ಲೇ ಬರುವುದರಿಂದ ‘ಹೋಮ್‌ವರ್ಕ್ ನೋಡುತ್ತಿದ್ದೇನೆ’ ಎಂಬ ಉತ್ತರ ಸದಾ ಸಿದ್ಧವಾಗಿರುತ್ತದೆ. ಮೊಬೈಲಿನಿಂದಲೇ ಹೀಗಾಯಿತೇ? ಹೊರಗೆ ಆಡಿಸಿ ಎಂದು ಎಲ್ಲರೂ ಹೇಳುತ್ತಾರೆ, ಆದರೆ ನಮ್ಮ ಕಡೆಯ ಮಳೆಯಲ್ಲಿ ಹೊರಗೆ ಎಂದರೆ ಎಲ್ಲಿಗೆ? ನಿಮ್ಮ ಮನೆಗಳಲ್ಲಿ ಏನು ಮಾಡಿದಿರಿ, ಯಾವುದು ಫಲಿಸಿತು, ಯಾವುದು ಫಲಿಸಲಿಲ್ಲ ಎಂಬುದನ್ನು ದಯವಿಟ್ಟು ತಿಳಿಸಿ.

ಕಾರವಾರದಿಂದ, ನಿವೃತ್ತ ನೇತ್ರ ಸಹಾಯಕ

ತಂಗೀ, ಮೊದಲು ಆ ಐದು ನಿಮಿಷದ ನಂಬರಿನ ವಿಷಯ. ಹತ್ತು ವರ್ಷದ ಮಗುವಿನ ಕಣ್ಣಿನೊಳಗಿನ ಮಸೂರಕ್ಕೆ ಹತ್ತಿರದ ವಸ್ತುವನ್ನು ನೋಡಲು ಉಬ್ಬಿಕೊಳ್ಳುವ ಶಕ್ತಿ ಬಹಳ. ಯಂತ್ರದೊಳಗಿನ ಚಿತ್ರವನ್ನು ನೋಡುವಾಗಲೂ ಅದು ಹಾಗೆಯೇ ಉಬ್ಬಿಕೊಂಡರೆ, ಇಲ್ಲದ ಮೈನಸ್ ಇದೆಯೆಂದೋ ಇರುವುದಕ್ಕಿಂತ ಹೆಚ್ಚೆಂದೋ ತೋರಿಬಿಡುತ್ತದೆ. ಇಡೀ ಸಂಜೆ ಮೊಬೈಲನ್ನು ಮುಖದ ಹತ್ತಿರ ಹಿಡಿಯುವ ಮಕ್ಕಳಲ್ಲಿ ಇದು ಇನ್ನೂ ಹೆಚ್ಚು. ಆದ್ದರಿಂದ ಮಕ್ಕಳ ನಂಬರನ್ನು ಕಣ್ಣಿನ ವೈದ್ಯರ ಬಳಿ ಹನಿ ಹಾಕಿಸಿ, ಒಳಗಿನ ಸ್ನಾಯು ಸಡಿಲಗೊಂಡ ಮೇಲೆ ನೋಡಿಸಬೇಕು. ಹನಿ ಹಾಕಿದ ದಿನ ಹತ್ತಿರದ ಅಕ್ಷರ ಮಸುಕಾಗಿ ಕಾಣುತ್ತದೆ, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಮರುದಿನ ಶಾಲೆಯಲ್ಲಿ ಪರೀಕ್ಷೆ ಇದ್ದರೆ ಆ ದಿನ ಹೋಗಬೇಡಿ. ತಲೆನೋವಿಗೆ ಕನ್ನಡಕದ ನಂಬರು ಹೆಚ್ಚಾಗಿರುವುದೂ ಕಾರಣವಿರಬಹುದು, ಬೇರೆಯೂ ಇರಬಹುದು. ಅದನ್ನು ಅಲ್ಲಿಯೇ ಹೇಳಿ.

ಮೊಬೈಲಿನಿಂದಲೇ ಆಯಿತೇ ಎಂಬುದಕ್ಕೆ ಹೌದು, ಇಲ್ಲ ಎಂಬ ಒಂದೇ ಪದದ ಉತ್ತರವಿಲ್ಲ. ಸಮೀಪದೃಷ್ಟಿ ಎಂದರೆ ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗಿ ಬೆಳೆದು, ದೂರದಿಂದ ಬಂದ ಬೆಳಕು ಅಕ್ಷಿಪಟಲವನ್ನು ಮುಟ್ಟುವ ಮೊದಲೇ ಕೂಡಿಕೊಳ್ಳುವುದು. ಗುಡ್ಡೆ 1 ಮಿಲಿಮೀಟರ್ ಹೆಚ್ಚು ಬೆಳೆದರೆ ಹತ್ತಿರ ಹತ್ತಿರ ಎರಡೂವರೆಯಿಂದ ಮೂರು ನಂಬರು ಬರುತ್ತದೆ, ಮತ್ತು ಒಮ್ಮೆ ಬೆಳೆದದ್ದು ಹಿಂದೆ ಸರಿಯುವುದಿಲ್ಲ. ತಂದೆ ತಾಯಿಯರಿಗೆ ಇದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ಮುಖದ ಹತ್ತಿರ ಹಿಡಿದು ಬಹಳ ಹೊತ್ತು ನೋಡುವುದು ಇನ್ನೊಂದು ಕಾರಣ. ಈ ವಿಷಯದಲ್ಲಿ ಪುಸ್ತಕವನ್ನು ಮೂಗಿಗೆ ಹಚ್ಚಿಕೊಂಡು ಓದುವವನೂ ಮೊಬೈಲಿನವನೂ ಹೆಚ್ಚು ಕಡಿಮೆ ಒಂದೇ ದೋಣಿಯವರು. ಮೂರನೆಯದು ಹಗಲಿನ ಬೆಳಕಿನ ಕೊರತೆ, ನನ್ನ ಮಟ್ಟಿಗೆ ನೀವು ಗಮನಿಸಬೇಕಾದದ್ದು ಇದನ್ನೇ. ಪ್ರಖರ ಬೆಳಕಿನಲ್ಲಿ ಅಕ್ಷಿಪಟಲವು ಡೋಪಮೈನ್ ಎಂಬ ರಾಸಾಯನಿಕವನ್ನು ಹೆಚ್ಚಾಗಿ ಬಿಡುಗಡೆ ಮಾಡುತ್ತದೆ. ಗುಡ್ಡೆಯ ಅತಿ ಬೆಳವಣಿಗೆಗೆ ಅದು ಕಡಿವಾಣ ಹಾಕುತ್ತದೆ ಎಂಬುದು ಈಗ ಬಹುಪಾಲು ಸಂಶೋಧಕರು ಒಪ್ಪುವ ವಿವರಣೆ. ಚೀನಾದ ಗುವಾಂಗ್‌ಝೌ ನಗರದಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ಶಾಲೆಯಲ್ಲಿ ದಿನವೂ 40 ನಿಮಿಷದ ಹೊರಾಂಗಣ ಅವಧಿಯನ್ನು ಹೆಚ್ಚಾಗಿ ಕೊಟ್ಟು ಮೂರು ವರ್ಷ ನೋಡಿದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಹೊಸದಾಗಿ ಸಮೀಪದೃಷ್ಟಿ ಬಂದವರು ಆ ಗುಂಪಿನಲ್ಲಿ ಶೇ 30ರಷ್ಟು, ಎಂದಿನಂತೆ ನಡೆದ ಶಾಲೆಗಳಲ್ಲಿ ಶೇ 40ರಷ್ಟು. ತೈವಾನ್ 2010ರಿಂದಲೇ ಶಾಲಾಮಕ್ಕಳಿಗೆ ದಿನಕ್ಕೆ 120 ನಿಮಿಷ ಹೊರಗಿರುವ ಗುರಿ ಇಟ್ಟುಕೊಂಡಿದೆ.

ಮಳೆಯ ಪ್ರಶ್ನೆಗೆ ಬರುತ್ತೇನೆ. ಬಿಸಿಲೇ ಬೇಕೆಂದಿಲ್ಲ. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ; ಮೋಡ ಕವಿದ ದಿನವೂ ಬಯಲಿನಲ್ಲಿ ಅದು ಸಾವಿರಾರು ಲಕ್ಸ್ ಇರುತ್ತದೆ. ನಡುಮನೆಯಲ್ಲಿ ಟ್ಯೂಬ್‌ಲೈಟ್ ಹಚ್ಚಿದರೂ ಕೆಲವು ನೂರನ್ನು ದಾಟುವುದಿಲ್ಲ. ಕೊಡೆ ಹಿಡಿದು ಅಂಗಡಿಗೆ ಹೋಗಿಬರುವ ಅರ್ಧ ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ಒಂದು ಮಾತನ್ನು ಮುಚ್ಚಿಡಬಾರದು: ಹೊರಗಿನ ಬೆಳಕು ಸಮೀಪದೃಷ್ಟಿ ಬರುವುದನ್ನು ತಡೆಯುವುದರಲ್ಲಿ ತೋರಿದ ಬಲವನ್ನು, ಬಂದದ್ದನ್ನು ನಿಧಾನಗೊಳಿಸುವುದರಲ್ಲಿ ತೋರಿಲ್ಲ. ಆದ್ದರಿಂದ ಮಗನಿಗಿಂತಲೂ ಹೆಗಲಿಗೆ ಒರಗಿ ನೋಡುವ ಆ ಆರು ವರ್ಷದ ಮಗಳನ್ನು ಹೊರಗೆ ಕಳುಹಿಸುವುದು ನನಗೆ ಹೆಚ್ಚು ತುರ್ತಾಗಿ ಕಾಣುತ್ತದೆ.

ಶಿರಸಿ ಸೀಮೆಯಿಂದ, ಇಬ್ಬರು ಮಕ್ಕಳ ತಂದೆ

ನಮ್ಮದು ತೋಟದ ನಡುವಿನ ಮನೆ. ಮಳೆ ಹಿಡಿಯುವ ಮೊದಲು ಜಗುಲಿಯ ಸುತ್ತ ಅಡಿಕೆ ಸೋಗೆಯ ತಟ್ಟಿ ಕಟ್ಟುವುದು ಹಿಂದಿನಿಂದ ಬಂದ ಪದ್ಧತಿ. ಕಟ್ಟಿದ ಮೇಲೆ ಮಧ್ಯಾಹ್ನವೇ ಒಳಗೆ ಮುಸ್ಸಂಜೆಯಾಗುತ್ತದೆ. ಮೇಲಿನವರು ಹೇಳಿದ ಬೆಳಕಿನ ಲೆಕ್ಕವನ್ನು ನನಗೆ ಎರಡು ವರ್ಷದ ಹಿಂದೆ ಮಗಳ ವೈದ್ಯರು ಹೇಳಿದರು. ಆಗ ಹೊಳೆದದ್ದು, ನಮ್ಮ ಮಕ್ಕಳು ನಾಲ್ಕು ತಿಂಗಳು ಗುಹೆಯಲ್ಲಿ ಕುಳಿತು ಮೊಬೈಲು ನೋಡುತ್ತಿದ್ದಾರೆ ಎಂದು. ಆ ವರ್ಷ, ಎರಚಲು ಕಡಿಮೆ ಬೀಳುವ ಬದಿಯ ತಟ್ಟಿಯನ್ನು ಬಿಚ್ಚಿ ಪಾರದರ್ಶಕ ಶೀಟು ಹಾಕಿಸಿದೆ. ಮಕ್ಕಳ ಓದುವ ಮೇಜನ್ನೂ ಅಲ್ಲಿಗೇ ತಂದೆ. ಬಯಲಿನಷ್ಟು ಬೆಳಕು ಅಲ್ಲಿಲ್ಲ ಎಂಬುದು ಗೊತ್ತು. ಆದರೆ ಅಲ್ಲಿ ಕುಳಿತವರು ಮಳೆ ಹೊಳವಾದದ್ದನ್ನು ತಾವೇ ಕಾಣುತ್ತಾರೆ, ಒಳಗಿನ ಕೋಣೆಯಲ್ಲಿದ್ದವರಿಗೆ ಅದು ತಿಳಿಯುವುದೇ ಇಲ್ಲ. ಹೊಳವಾದ ಕೂಡಲೇ ಕೈಯಲ್ಲಿರುವುದನ್ನು ಬಿಟ್ಟು ಹೊರಗೆ ಇಳಿಯಬೇಕು ಎಂಬುದು ನಮ್ಮ ಮನೆಯ ನಿಯಮ, ಓದುತ್ತಿದ್ದರೂ ಸರಿ. ಉಂಬಳ ಕಚ್ಚುತ್ತದೆ ಎಂದು ನನ್ನ ಹೆಂಡತಿಯ ಆಕ್ಷೇಪವಿತ್ತು. ಈಗ ಮಕ್ಕಳೇ ಕಾಲಿಗೆ ಸುಣ್ಣ ಹಚ್ಚಿಕೊಂಡು ಹೋಗುತ್ತಾರೆ.

ಫಲಿಸದೇ ಹೋದದ್ದನ್ನೂ ಕೇಳಿದ್ದೀರಿ. ಗೋಡೆಗೆ ಅಂಟಿಸಿದ ವೇಳಾಪಟ್ಟಿ ಒಂಬತ್ತು ದಿನ ಬಾಳಿತು. ಮೊಬೈಲಿಗೆ ಹಾಕಿದ ಬೀಗದ ಗೆರೆಯನ್ನು ಮಗ, ಗಾಜಿನ ಮೇಲೆ ನನ್ನ ಬೆರಳು ಮೂಡಿಸಿದ ಜಿಡ್ಡಿನ ಗುರುತು ನೋಡಿ ಕಂಡುಹಿಡಿದ. ಮೊಬೈಲು ಕೊಡುವುದನ್ನು ಬಹುಮಾನವಾಗಿ ಬಳಸಿದ್ದು ಎಲ್ಲಕ್ಕಿಂತ ದೊಡ್ಡ ತಪ್ಪು: ಲೆಕ್ಕ ಮಾಡಿದರೆ ಅರ್ಧ ಗಂಟೆ ಎಂದ ಮೇಲೆ ಲೆಕ್ಕವು ಶಿಕ್ಷೆಯಾಯಿತು, ಮೊಬೈಲು ಹಬ್ಬವಾಯಿತು.

ಉಳಿದುಕೊಂಡದ್ದು ಒಂದೇ ಒಂದು ಕ್ರಮ. ಜಗುಲಿಯ ಗೋಡೆಯ ಗೂಡಿನಲ್ಲಿ ಚಾರ್ಜರುಗಳನ್ನು ಇಟ್ಟು, ರಾತ್ರಿ ಎಂಟೂವರೆಗೆ ಮನೆಯ ಎಲ್ಲ ಮೊಬೈಲುಗಳೂ ಅಲ್ಲಿಗೆ ಹೋಗಬೇಕೆಂದು ಮಾಡಿದೆವು. ಎಲ್ಲ ಎಂದರೆ ನನ್ನದೂ ಸೇರಿ. ರಾತ್ರಿ ಅಡಿಕೆ ಧಾರಣೆ ನೋಡುವ ಚಟ ನನಗಿದ್ದುದರಿಂದ ಮೊದಲ ವಾರ ಹೆಚ್ಚು ಚಡಪಡಿಸಿದವನು ನಾನೇ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ನಮ್ಮ ಮಗ ಏಳೂವರೆ ಗಂಟೆ ಮಲಗುತ್ತಿದ್ದ, ಬೆಳಿಗ್ಗೆ ಎಬ್ಬಿಸುವುದೇ ಒಂದು ಯುದ್ಧವಾಗಿತ್ತು. ರಾತ್ರಿಯ ಪರದೆಯ ಬೆಳಕು ನಿದ್ದೆ ತರಿಸುವ ಮೆಲಟೋನಿನ್ ಸ್ರವಿಸುವುದನ್ನು ತಡಮಾಡುತ್ತದೆ ಎನ್ನುತ್ತಾರೆ. ಅದಿರಲಿ, ‘ಇನ್ನೊಂದೇ ವಿಡಿಯೊ’ ಎನ್ನುವುದರಲ್ಲಿಯೇ ಒಂದು ಗಂಟೆ ಹೋಗುತ್ತಿತ್ತಲ್ಲ! ಈಗ ಒಂಬತ್ತು ಗಂಟೆಗೆ ಮಲಗುತ್ತಾನೆ.

ಕಾರವಾರದ ಕೋಡಿಬಾಗದಿಂದ, ಕೆಲಸಕ್ಕೆ ಹೋಗುವ ತಾಯಿ

ಜಗುಲಿ, ತೋಟ, ಗೋಡೆಗೂಡು ಎಲ್ಲವೂ ಚೆನ್ನಾಗಿದೆ, ಆದರೆ ನಮ್ಮದು ಬಾಡಿಗೆಯ ಎರಡು ಕೋಣೆ. ಯಜಮಾನರು ಬೋಟಿಗೆ ಹೋಗುತ್ತಾರೆ, ನಾನು ಮನೆ ಸೇರುವಾಗ ರಾತ್ರಿ ಏಳಾಗುತ್ತದೆ. ನಾಲ್ಕೂವರೆಯಿಂದ ಏಳರವರೆಗೆ ಎಂಟು ಮತ್ತು ಹನ್ನೊಂದು ವರ್ಷದ ಇಬ್ಬರು ಮಕ್ಕಳನ್ನು ಕಾಯುವುದು ಮೊಬೈಲೇ, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಮಕ್ಕಳು ಮನೆಯಲ್ಲೇ ಇದ್ದಾರೆ, ಸಮುದ್ರದ ಕಡೆಗೆ ಹೋಗಿಲ್ಲ ಎಂಬುದೇ ಆ ಹೊತ್ತಿನಲ್ಲಿ ನನಗೆ ಸಮಾಧಾನ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧವಿರುವ 61 ದಿನ ಅಪ್ಪ ಮನೆಯಲ್ಲಿರುತ್ತಾರೆ. ಆಗ ಕಡಿಮೆಯಾಗಬಹುದೆಂದು ನಾನು ಕಾದಿದ್ದರೆ, ಮೂವರೂ ಒಂದೇ ಚಾಪೆಯ ಮೇಲೆ ಮಲಗಿ ಒಂದೇ ಪರದೆ ನೋಡುತ್ತಿದ್ದರು.

ಹೀಗಾಗಿ ನಾನು ಹೊತ್ತನ್ನು ಕಡಿಮೆ ಮಾಡುವ ಹಟ ಬಿಟ್ಟು, ನೋಡುವ ರೀತಿಯನ್ನು ಬದಲಿಸಲು ನೋಡಿದೆ. ಮಲಗಿ ನೋಡುವಂತಿಲ್ಲ, ಕೈಯಲ್ಲಿ ಹಿಡಿಯುವಂತಿಲ್ಲ. ಮೊಬೈಲು ಮೇಜಿನ ಮೇಲೆ, ಅಕ್ಕಿ ಡಬ್ಬಿಗೆ ಒರಗಿಯೇ ಇರಬೇಕು. ಒಂದರ ಹಿಂದೊಂದು ತಾನಾಗಿಯೇ ಓಡುವ ವಿಡಿಯೊಗಳ ಬದಲು, ನಾನು ಬೆಳಿಗ್ಗೆ ಇಳಿಸಿಟ್ಟ ಮೂರು ಮಾತ್ರ ಇರುತ್ತವೆ, ಇಂಟರ್ನೆಟ್ ಬಂದಾಗಿರುತ್ತದೆ. ಮುಗಿದ ಮೇಲೆ ಏನು ಮಾಡುತ್ತಾರೆಂದರೆ, ಮೊದಲು ಜಗಳ ಮಾಡುತ್ತಾರೆ. ಆಮೇಲೆ ರೇಡಿಯೊ ಹಚ್ಚುತ್ತಾರೆ, ಇಲ್ಲವೇ ಪಕ್ಕದ ಮನೆಯ ಹುಡುಗಿಯನ್ನು ಕರೆದು ಚೌಕಾಬಾರ ಆಡುತ್ತಾರೆ. ಹಳೆಯ ಟಿವಿಯೊಂದನ್ನು ರಿಪೇರಿ ಮಾಡಿಸಿದ ಮೇಲೆ ಮೊಬೈಲಿನ ಅರ್ಧ ಭಾಗ ಅದಕ್ಕೆ ಹೋಯಿತು. ಟಿವಿಗಿಂತ ಮೊಬೈಲು ಮೇಲು ಎನ್ನುವವರೂ ಇದ್ದಾರೆ. ಯಾವುದು ಸರಿ ಎಂದು ಕಣ್ಣಿನ ವಿಷಯ ಬಲ್ಲ ಅಣ್ಣ ಹೇಳಬೇಕು.

ನಿವೃತ್ತ ನೇತ್ರ ಸಹಾಯಕ, ಮತ್ತೆ

ಅಕ್ಕಿ ಡಬ್ಬಿಯ ಉಪಾಯವನ್ನು ನಾನು ಮೂವತ್ತು ವರ್ಷದ ಸೇವೆಯಲ್ಲಿ ಯಾರಿಗೂ ಹೇಳಿಕೊಟ್ಟಿರಲಿಲ್ಲ, ಇನ್ನು ಮುಂದೆ ಹೇಳುತ್ತೇನೆ. ಕಣ್ಣಿನ ಮಟ್ಟಿಗೆ, ಎಂಟು ಹತ್ತು ಅಡಿ ದೂರದ ಟಿವಿ ಅಂಗೈಯ ಮೊಬೈಲಿಗಿಂತ ಖಂಡಿತ ಮೇಲು, ಏಕೆಂದರೆ ಒಳಗಿನ ಸ್ನಾಯು ಬಿಗಿಯಬೇಕಾಗಿಲ್ಲ. ಮೊಬೈಲಾಗಲಿ ಪುಸ್ತಕವಾಗಲಿ, ಗದ್ದಕ್ಕೆ ಮುಷ್ಟಿ ಇಟ್ಟು ಮೊಣಕೈ ಊರಿದಾಗ ಆಗುವಷ್ಟಾದರೂ ದೂರ ಬೇಕು. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ಏನನ್ನಾದರೂ 20 ಸೆಕೆಂಡು ನೋಡುವ ಅಭ್ಯಾಸವು ಕಣ್ಣಿನ ದಣಿವಿಗೆ ಒಳ್ಳೆಯದು, ನಂಬರನ್ನು ಅದು ಇಳಿಸುವುದಿಲ್ಲ. ಸಾಮಾನ್ಯವಾಗಿ ನಿಮಿಷಕ್ಕೆ ಹದಿನೈದು ಸಲವಾದರೂ ಮಿಟುಕುವ ರೆಪ್ಪೆ ಪರದೆಯ ಮುಂದೆ ಅದರ ಅರ್ಧಕ್ಕೂ ಇಳಿಯುತ್ತದೆ; ಮಕ್ಕಳು ಕಣ್ಣು ಉಜ್ಜಿಕೊಳ್ಳುವುದು ಬಹಳ ಸಲ ಆ ಒಣಗುವಿಕೆಯಿಂದ.

ನೀಲಿ ಬೆಳಕು ತಡೆಯುವ ಗಾಜು ಎಂದು ಅಂಗಡಿಯವರು ಹೆಚ್ಚು ಹಣ ಕೇಳಿದರೆ ಕೊಡಬೇಕಾಗಿಲ್ಲ. ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆ 2023ರಲ್ಲಿ 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಸಾಮಾನ್ಯ ಗಾಜಿಗಿಂತ ಅದು ಕಣ್ಣಿನ ದಣಿವನ್ನು ಕಡಿಮೆ ಮಾಡಿದ್ದು ಕಾಣಲಿಲ್ಲ. ಕನ್ನಡಕ ಹಾಕಿಕೊಂಡಷ್ಟೂ ನಂಬರು ಏರುತ್ತದೆ ಎಂಬ ಹಳೆಯ ಮಾತೂ ಸುಳ್ಳು. ಸರಿಯಾದ ನಂಬರು ಸಿಕ್ಕ ಮೇಲೆ ಹಾಕಿಸಿ, ಬಿಚ್ಚಿಡಿಸಬೇಡಿ.

ಹೊನ್ನಾವರದಿಂದ, ಒಬ್ಬ ಅಮ್ಮಮ್ಮ

ಅಜ್ಜಿಯ ಮೊಬೈಲು ಎಂದು ಓದಿ ಮೈಗೆ ಬಿಸಿ ತಾಗಿದಂತಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಮೊಮ್ಮಗನಿಗೆ ಮೊಬೈಲು ತೋರಿಸಿ ಉಣ್ಣಿಸುವ ಅಭ್ಯಾಸವನ್ನು ಮಾಡಿದವಳು ನಾನೇ. ಅವನು ಪರದೆಯಿಂದ ಕಣ್ಣು ಕೀಳದೆ ಬಾಯಿ ತೆರೆಯುತ್ತಿದ್ದ, ಅಗಿಯದೆ ನುಂಗುತ್ತಿದ್ದ. ತಟ್ಟೆ ಖಾಲಿಯಾಯಿತೆಂದು ನಾನು ಹಿಗ್ಗುತ್ತಿದ್ದೆ. ಹೊಟ್ಟೆ ತುಂಬಿದ್ದೂ ಅವನಿಗೆ ತಿಳಿಯುತ್ತಿರಲಿಲ್ಲ, ತಿಂದದ್ದು ಅನ್ನವೋ ದೋಸೆಯೋ ಎಂಬುದೂ ತಿಳಿಯುತ್ತಿರಲಿಲ್ಲ. ನಿಲ್ಲಿಸಿದ ಮೊದಲ ದಿನ ಅವನು ಉಪವಾಸ, ಎರಡನೆಯ ದಿನ ಎರಡು ತುತ್ತು. ಮೂರನೆಯ ದಿನ ಮಾವಿನಕಾಯಿಯ ಅಪ್ಪೆಹುಳಿ ಕಲಸಿ ಎದುರಿಗಿಟ್ಟು, ನಾನೂ ಪಕ್ಕದಲ್ಲಿ ಕುಳಿತು ಉಂಡೆ. ಅವನೂ ಉಂಡ. ಆ ಎರಡು ದಿನ ಮಗು ಅತ್ತರೂ ಮನೆಯವರೆಲ್ಲ ಒಂದೇ ಮಾತಿನಲ್ಲಿ ನಿಲ್ಲಬೇಕು. ನಿಮ್ಮ ಅತ್ತೆಯವರನ್ನು ದೂರಬೇಡಿ, ಮಗೂ. ಅವರೊಂದಿಗೆ ಕುಳಿತು ಮಾತನಾಡಿ. ಸಂಜೆಯ ಹೊತ್ತು ಮಕ್ಕಳು ಮೊಬೈಲು ಕೇಳಲು ಬಂದಾಗ, ಮುದುಕರಿಗೆ ಅವರ ಸಂಗಡ ಸಿಗುವುದು ಆ ನೆಪದಲ್ಲಿ ಮಾತ್ರ.

ಸಿದ್ದಾಪುರದಿಂದ, ಪ್ರಾಥಮಿಕ ಶಾಲೆಯ ಶಿಕ್ಷಕಿ

ಮನೆಪಾಠದ ದೂರು ನಮ್ಮ ಮೇಲೆಯೇ ಬರುವಂಥದ್ದು, ಅದರಲ್ಲಿ ನ್ಯಾಯವಿದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಅನಿವಾರ್ಯವಾಗಿ ಹಿಡಿದ ಮೊಬೈಲನ್ನು ಶಾಲೆ ತೆರೆದ ಮೇಲೂ ನಾವು ಕೆಳಗಿಡಲಿಲ್ಲ. ಆ ದಿನಗಳಲ್ಲಿಯೂ ಕೇಂದ್ರ ಶಿಕ್ಷಣ ಸಚಿವಾಲಯದ ‘ಪ್ರಜ್ಞಾತಾ’ ಮಾರ್ಗಸೂಚಿಯು ಒಂದರಿಂದ ಎಂಟನೆಯ ತರಗತಿಯವರಿಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಅವಧಿಗಳನ್ನು ಮಾತ್ರ ಹೇಳಿತ್ತು ಎಂಬುದನ್ನು ಈಗ ಯಾರೂ ನೆನೆಯುವುದಿಲ್ಲ. ನಮ್ಮ ಶಾಲೆಯ ತಾಯಂದಿರು ನಾಲ್ಕೈದು ಮಂದಿ ಒಟ್ಟಿಗೆ ಬಂದು ಕೇಳಿದ ಮೇಲೆ, ಮನೆಪಾಠವನ್ನು ಹಲಗೆಯ ಮೇಲೆ ಬರೆದು ಮಕ್ಕಳೇ ಡೈರಿಯಲ್ಲಿ ಬರೆದುಕೊಳ್ಳುವಂತೆ ಮಾಡಿದೆವು. ವಾಟ್ಸ್‌ಆ್ಯಪ್ ಗುಂಪು ರಜೆಯ ಸೂಚನೆಗೆ ಉಳಿಯಿತು. ಮಳೆಗಾಲದಲ್ಲಿ ಆ ಸೂಚನೆಯೇ ಸಾಕಷ್ಟು ಇರುತ್ತದೆ. ಒಬ್ಬರೇ ಹೋಗಿ ಕೇಳಿದರೆ ಬಹುಶಃ ನಾವು ಒಪ್ಪುತ್ತಿರಲಿಲ್ಲ, ಆದ್ದರಿಂದ ನೀವೂ ಜೊತೆಗೂಡಿ ಹೋಗಿ. ಸರ್ಕಾರಿ ಶಾಲೆಯ ಮಕ್ಕಳಾದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬರುವ ದಿನವನ್ನು ಕೇಳಿಟ್ಟುಕೊಳ್ಳಿ, ಆ ದಿನ ಮಗುವನ್ನು ತಪ್ಪಿಸಬೇಡಿ. ತರಗತಿಯಲ್ಲಿ ಹಲಗೆಯನ್ನು ಪಕ್ಕದವನ ಪುಸ್ತಕ ನೋಡಿ ಬರೆದುಕೊಳ್ಳುವ ಮಗುವನ್ನು ನಾವು ಕೆಲವೊಮ್ಮೆ ಸೋಮಾರಿ ಎಂದುಬಿಡುತ್ತೇವೆ. ನಾನೂ ಒಬ್ಬ ಹುಡುಗನನ್ನು ಹಾಗೆ ಗದರಿಸಿದ್ದೆ. ಅವನಿಗೆ ಎರಡರ ನಂಬರು ಇತ್ತು.

ಯಲ್ಲಾಪುರದಿಂದ, ಹದಿನೈದು ವರ್ಷದ ಹುಡುಗನ ತಂದೆ

ನಿಮ್ಮ ಮಗ ಇನ್ನೂ ಚಿಕ್ಕವನು, ಆದರೂ ಮುಂದೆ ಏನಾಗಬಹುದೆಂದು ತಿಳಿದಿರಲಿ ಎಂದು ಬರೆಯುತ್ತೇನೆ. ನಮ್ಮ ಊರಿಗೆ ನೆಟ್‌ವರ್ಕ್ ಇರಲಿಲ್ಲ. 2020ರಲ್ಲಿ ಮಗ ಪಾಠ ಕೇಳಲು ಗುಡ್ಡ ಹತ್ತುತ್ತಿದ್ದ, ನಾನು ಪ್ಲಾಸ್ಟಿಕ್ ಹೊದಿಕೆ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದೆ. ಟವರಿಗಾಗಿ ಮನವಿ ಬರೆದವರಲ್ಲಿ ನಾನೂ ಒಬ್ಬ. ಟವರ್ ಬಂದ ಮೇಲೆ ಅವನು ಗುಡ್ಡವನ್ನೂ ಬಿಟ್ಟ, ಪಾಠವನ್ನೂ ಬಿಟ್ಟ, ಕಂಬಳಿಯೊಳಗೆ ರಾತ್ರಿ ಎರಡರವರೆಗೆ ಆಟವಾಡತೊಡಗಿದ. ಒಂಬತ್ತನೆಯ ತರಗತಿಯಲ್ಲಿ ಅಂಕ ಕುಸಿಯಿತು, ಕುತ್ತಿಗೆ ನೋವು ಶುರುವಾಯಿತು, ಕ್ರಿಕೆಟ್ಟಿಗೆ ಕರೆಯಲು ಬರುತ್ತಿದ್ದ ಗೆಳೆಯರು ಬರುವುದನ್ನು ನಿಲ್ಲಿಸಿದರು. ಒಂದು ರಾತ್ರಿ ನಾನು ಮೊಬೈಲನ್ನು ಕಿತ್ತುಕೊಂಡು ಕಲ್ಲಿಗೆ ಅಪ್ಪಳಿಸಿದೆ. ಅವನು ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ಶಾಲೆಯಿಂದ ಮನೆಗೆ ಬರಲಿಲ್ಲ. ಕತ್ತಲಾದ ಮೇಲೆ ಅವನ ಸೋದರಮಾವನ ಮನೆಯಿಂದ ಫೋನು ಬಂತು. ಆ ನಾಲ್ಕು ಗಂಟೆಗಳನ್ನು ನಾನು ಹೇಗೆ ಕಳೆದೆನೆಂಬುದನ್ನು ಇಲ್ಲಿ ಬರೆಯಲಾರೆ.

ಆಮೇಲೆ 14416 ಸಂಖ್ಯೆಗೆ ಕರೆ ಮಾಡಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ ಅದು, ಕನ್ನಡದಲ್ಲಿಯೇ ಮಾತನಾಡುತ್ತಾರೆ. ಅವರು ಕೇಳಿದ ಪ್ರಶ್ನೆಗಳಿಂದ ನನಗೆ ಒಂದು ವ್ಯತ್ಯಾಸ ತಿಳಿಯಿತು. ಹೆಚ್ಚು ಆಡುವ ಮಕ್ಕಳೆಲ್ಲ ರೋಗಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ಅಸ್ವಸ್ಥತೆಯು 2022ರಿಂದ ಜಾರಿಯಲ್ಲಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮೊದಲಾಗುವುದು, ಹಾನಿ ಕಂಡರೂ ಮುಂದುವರಿಯುವುದು, ಇವು ಸಾಮಾನ್ಯವಾಗಿ 12 ತಿಂಗಳು ಕಂಡುಬಂದರೆ ಹಾಗೆ ಹೇಳುತ್ತಾರೆ. ನಮ್ಮ ಮಗ ಅಲ್ಲಿಯವರೆಗೆ ಹೋಗಿರಲಿಲ್ಲ. ಹೋಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಒಂದು ಚಿಕಿತ್ಸಾ ವಿಭಾಗ ನಡೆಯುತ್ತಿದೆ ಎಂಬುದೂ ನಮಗೆ ಗೊತ್ತಾಯಿತು.

ಒಮ್ಮೆಗೇ ನಿಲ್ಲಿಸದೆ, ವಾರಕ್ಕೆ ಅರ್ಧರ್ಧ ಗಂಟೆ ಇಳಿಸುತ್ತ ಬಂದೆವು. ಎಷ್ಟು ಇಳಿಸಬೇಕೆಂಬುದನ್ನು ಅವನೇ ಹೇಳುತ್ತಿದ್ದ, ನಾನು ಬರೆದಿಡುತ್ತಿದ್ದೆ. ಖಾಲಿಯಾದ ಹೊತ್ತಿಗೆ ಬೇರೇನಾದರೂ ಬೇಕಿತ್ತು. ಹತ್ತಿರದ ಊರಿನ ಯಕ್ಷಗಾನ ತರಗತಿಗೆ ಅವನು ಹೊರಟಾಗ ನನಗೆ ನಂಬಿಕೆಯೇ ಬರಲಿಲ್ಲ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಬೆವರು ಬರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಂಡಿ ಕುಣಿತ ಕಲಿಯುವವನಿಗೆ ಇಪ್ಪತ್ತು ನಿಮಿಷದಲ್ಲೇ ಅಂಗಿ ಒದ್ದೆ, ಅದೂ ಮಳೆಯಲ್ಲಿ, ಸೂರಿನ ಕೆಳಗೆ. ಇನ್ನೂ ಆಟ ಆಡುತ್ತಾನೆ, ಶನಿವಾರ ಭಾನುವಾರ ಸ್ವಲ್ಪ ಹೆಚ್ಚೇ ಆಡುತ್ತಾನೆ.

ಕುಮಟಾದ ತಾಯಿ, ಮೂರು ವಾರದ ಬಳಿಕ

ಎಲ್ಲರಿಗೂ ನಮಸ್ಕಾರ. ಹನಿ ಹಾಕಿಸಿ ಪರೀಕ್ಷೆ ಮಾಡಿಸಿದೆವು. ಬಲಗಣ್ಣಿಗೆ ಮೈನಸ್ ಮುಕ್ಕಾಲು, ಎಡಗಣ್ಣಿಗೆ ಅರ್ಧ ಎಂದು ಬಂತು. ಹೊಸ ಕನ್ನಡಕದಲ್ಲಿ ತಲೆನೋವಿನ ಮಾತು ಈ ಹತ್ತು ದಿನ ಬಂದಿಲ್ಲ. ಆರು ತಿಂಗಳ ನಂತರ ಮತ್ತೆ ಬರಲು ಹೇಳಿದ್ದಾರೆ, ಮಗಳ ಕಣ್ಣು ಸದ್ಯಕ್ಕೆ ಸರಿಯಿದೆ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಮಾರ್ಗಸೂಚಿಯಂತೆ ಐದರಿಂದ ಹತ್ತು ವರ್ಷದವರಿಗೆ ದಿನಕ್ಕೆ ಎರಡು ಗಂಟೆಯೊಳಗೇ ಪರದೆ ಇರಬೇಕೆಂದು ವೈದ್ಯರು ಹೇಳಿದರು. ನಾನು ಅದನ್ನು ಗಂಟೆಯ ಲೆಕ್ಕದಲ್ಲಿ ಹಿಡಿಯಲು ಹೋಗಿಲ್ಲ. ಶಾಲೆಯಿಂದ ಬಂದ ಮೇಲೆ ಬೆಳಕಿರುವಷ್ಟು ಹೊತ್ತು ಮೊಬೈಲಿಲ್ಲ ಎಂದಷ್ಟೇ ಮಾಡಿದ್ದೇನೆ. ಆ ಹೊತ್ತಿನಲ್ಲಿ ಅತ್ತೆ ಮಕ್ಕಳಿಬ್ಬರನ್ನೂ ಕೊಡೆ ಸಮೇತ ಹೊಳೆಯ ಕಡೆಗೆ ಕರೆದೊಯ್ಯುತ್ತಾರೆ. ಮೊದಲ ದಿನ ಹೊರಡುವ ಮುನ್ನ ಅವರೇ ಮೊಬೈಲನ್ನು ನನ್ನ ಕೈಗೆ ಕೊಟ್ಟು, ಏಳು ಗಂಟೆಯ ಧಾರಾವಾಹಿಗೆ ಮಾತ್ರ ತಪ್ಪದೆ ಹಿಂತಿರುಗಿಸಬೇಕೆಂದು ಹೇಳಿದರು. ಶಾಲೆಗೆ ಹೋಗಿ ಕೇಳಲು ಇನ್ನೂ ಇಬ್ಬರು ತಾಯಂದಿರು ಒಪ್ಪಿದ್ದಾರೆ, ದಸರಾ ರಜೆ ಮುಗಿದ ಮೇಲೆ ಹೋಗುತ್ತೇವೆ.